ಹೊಸ ಟಿವಿ ಬಂತು, ವಯರು ಯಾವುದು ಹಾಕೋಣ?

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಇರುವ ನಮ್ಮ ಮಾವನ ಮನೆಗೆ ಹೊಸ ಟಿವಿ ಬಂತು. 43 ಇಂಚು, 4ಕೆ. ಬಂದ ರಾತ್ರಿಯೇ ನನಗೆ ಫೋನು.

"ಎಂತ ಮಾರಾಯ, ಇದಕ್ಕಿಂತ ಹಳೆ ಡಬ್ಬವೇ ಅಡ್ಡಿಯಿಲ್ಲ. ಬಣ್ಣದ ವೇಷದ ಮುಖ ಎಲ್ಲ ಕಲಸಿದ ಹಾಗೆ ಕಾಣ್ತದೆ. ಕಿರೀಟ ಎಲ್ಲಿ ಮುಗೀತದೆ, ಮುಖ ಎಲ್ಲಿ ಶುರು ಆಗ್ತದೆ, ಒಂದೂ ಗೊತ್ತಾಗುದಿಲ್ಲ."

ಮಾವನಿಗೆ ಟಿವಿ ಅಂದರೆ ಮೊದಲು ಯಕ್ಷಗಾನ, ಆಮೇಲೆ ವಾರ್ತೆ. ಮರುದಿನ ಹೋಗಿ ನೋಡಿದೆ. ಟಿವಿಯದ್ದು ಏನೂ ತಪ್ಪಿರಲಿಲ್ಲ. ಗೋಡೆಗೆ ಕೂರಿಸಲು ಬಂದ ಹುಡುಗ ಹಳೆ ಟಿವಿಯಿಂದ ಬಿಚ್ಚಿದ ಹಳದಿ-ಕೆಂಪು-ಬಿಳಿ ವಯರನ್ನೇ ಇದಕ್ಕೂ ಚುಚ್ಚಿ ಹೋಗಿದ್ದ. ಡಿಶ್‌ನ ಪೆಟ್ಟಿಗೆ ಎಚ್‌ಡಿಯದ್ದೇ. ಅದರ ಹಿಂದೆ ಚಿತ್ರ-ಧ್ವನಿ ಎರಡನ್ನೂ ಒಂದೇ ವಯರಿನಲ್ಲಿ ಕೊಡುವ ಎಚ್‌ಡಿಎಂಐ ತೂತು ಖಾಲಿ ಬಿದ್ದಿತ್ತು. ಇನ್ನೂ ತಮಾಷೆ ಎಂದರೆ, ಅಂಗಡಿಯವರು ಟಿವಿಯ ಜೊತೆಗೆ 2,400 ರೂಪಾಯಿಗೆ ಕಟ್ಟಿಕೊಟ್ಟ, ಚಿನ್ನದ ಲೇಪದ ತುದಿಯಿರುವ ಎಚ್‌ಡಿಎಂಐ ಕೇಬಲ್ ಪ್ಯಾಕೆಟ್ ಒಡೆಯದೆ ಕಪಾಟಿನಲ್ಲಿತ್ತು.

"ಅಷ್ಟು ಕ್ರಯದ್ದಲ್ವಾ, ಸುಮ್ನೆ ಹಾಕಿ ಹಾಳು ಮಾಡುದು ಬೇಡ ಅಂತ ಇಟ್ಟೆ" ಎಂದರು ಮಾವ.

ನನ್ನ ಚೀಲದಲ್ಲಿದ್ದ 250 ರೂಪಾಯಿಯ ಮಾಮೂಲಿ ಎಚ್‌ಡಿಎಂಐ ಕೇಬಲ್ ಹಾಕಿದೆ. ಚಿತ್ರ ತಿಳಿಯಾಯಿತು. ಆಮೇಲೆ ಆ ಚಿನ್ನದ್ದನ್ನೂ ಹಾಕಿ ತೋರಿಸಿದೆ. ಅದೇ ಚಿತ್ರ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಮಾವ ಒಂದು ಗಳಿಗೆ ಏನೂ ಮಾತಾಡಲಿಲ್ಲ.

ಹಳದಿ ವಯರು ಯಾಕೆ ಅಷ್ಟು ಕಳಪೆ, ಚಿನ್ನದ ತುದಿ ಯಾಕೆ ದಂಡ, ಇವೆರಡು ತಿಳಿದರೆ ಮುಕ್ಕಾಲು ವಿಷಯ ತಿಳಿದ ಹಾಗೆ.

ಹಳದಿ ವಯರಿನೊಳಗೆ ಏನಾಗುತ್ತದೆ

ಹಳದಿಯಲ್ಲಿ ಬರುವುದು ಚಿತ್ರ. ಕೆಂಪು, ಬಿಳಿ ಎರಡೂ ಧ್ವನಿಗೆ, ಬಲ ಮತ್ತು ಎಡ. ಈ ಹಳದಿ ವಯರಿನ ಹೆಸರು ಕಾಂಪೊಸಿಟ್. ಕಪ್ಪು-ಬಿಳುಪು ಟಿವಿಗಳ ಕಾಲದಲ್ಲಿ ಚಿತ್ರ ಎಂದರೆ ಬೆಳಕು-ಕತ್ತಲೆಯ ಲೆಕ್ಕ ಮಾತ್ರ. ಬಣ್ಣ ಬಂದಾಗ ಹಳೆ ಟಿವಿಗಳನ್ನು ಬಿಸಾಡಲು ಆಗುವುದಿಲ್ಲವಲ್ಲ. ಹಾಗಾಗಿ ಬಣ್ಣದ ಮಾಹಿತಿಯನ್ನು ಅದೇ ಸಿಗ್ನಲ್ಲಿನ ಸಂದಿಯಲ್ಲಿ ತುರುಕಿದರು. ಬೆಳಕು ಮತ್ತು ಬಣ್ಣ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ಟಿವಿ ಅದನ್ನು ಮತ್ತೆ ಬೇರ್ಪಡಿಸಬೇಕು. ಅದು ಪೂರ್ತಿ ಶುದ್ಧವಾಗಿ ಆಗುವ ಕೆಲಸ ಅಲ್ಲ.

ನಮ್ಮ ದೇಶದಲ್ಲಿ ಇದ್ದ ಪಾಲ್ ಎಂಬ ಬಣ್ಣದ ಟಿವಿ ಪದ್ಧತಿಯಲ್ಲಿ ಬಣ್ಣಕ್ಕೆ ಸಿಕ್ಕುವ ಜಾಗ, ಬೆಳಕಿನ ವಿವರಕ್ಕೆ ಸಿಕ್ಕುವುದರ ಸುಮಾರು ಕಾಲು ಭಾಗ ಮಾತ್ರ. ಅಂದರೆ ಗೆರೆ ಸ್ವಲ್ಪ ಚೂಪಾಗಿದ್ದರೂ ಬಣ್ಣ ಗೆರೆ ದಾಟಿ ಹರಡುತ್ತದೆ. ಎಲ್ಲಕ್ಕಿಂತ ಹೆಚ್ಚು ಕಣ್ಣಿಗೆ ಹೊಡೆಯುವುದು ಕೆಂಪು. ಈಗ ತೆಂಕುತಿಟ್ಟಿನ ಬಣ್ಣದ ವೇಷವನ್ನು ನೆನಪು ಮಾಡಿಕೊಳ್ಳಿ. ಮುಖದ ತುಂಬ ಕೆಂಪು, ಕಪ್ಪು, ಅದರ ಮೇಲೆ ಸಾಲು ಸಾಲಾಗಿ ಇಟ್ಟ ಬಿಳಿ ಚಿಟ್ಟಿ, ಅಂದರೆ ಉಬ್ಬಿದ ಚುಕ್ಕಿಗಳು. ಹಳದಿ ವಯರಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಇನ್ನೊಂದಿಲ್ಲ. ಆ ಬಿಳಿ ಚಿಟ್ಟಿಯ ಅಂಚಿನಲ್ಲಿ ಇರುವೆ ಹರಿದ ಹಾಗೆ ಚುಕ್ಕಿಗಳು ಓಡುತ್ತವೆ, ಕೆಂಪು ಪಕ್ಕಕ್ಕೆ ಜಾರುತ್ತದೆ. ಮಾವ ಹೇಳಿದ್ದು ಸರಿಯೇ. ಕಲಸಿದ ಹಾಗೆಯೇ ಕಾಣುತ್ತದೆ.

ಹಾಗಾದರೆ ಹಳೆ ಟಿವಿಯಲ್ಲಿ ಯಾಕೆ ಚಂದ ಇತ್ತು? ಅದು ಸಣ್ಣದು, ಅದರ ಪರದೆಯೇ ಸ್ವಲ್ಪ ಮೆತ್ತಗೆ. ತಪ್ಪು ಮುಚ್ಚಿಹೋಗುತ್ತಿತ್ತು. ಕಾಂಪೊಸಿಟ್‌ನಲ್ಲಿ ಬರುವ ಚಿತ್ರ ಹೆಚ್ಚೆಂದರೆ 720 ಅಡ್ಡ, 576 ಉದ್ದ ಚುಕ್ಕಿಗಳಷ್ಟು. ಗುಣಿಸಿದರೆ 4,14,720. 4ಕೆ ಪರದೆಯಲ್ಲಿ 3840 ಗುಣಿಸು 2160, ಅಂದರೆ 82,94,400 ಚುಕ್ಕಿ. ಸರಿಯಾಗಿ ಇಪ್ಪತ್ತು ಪಟ್ಟು. ಒಂದು ಚುಕ್ಕಿಯನ್ನು ಎಳೆದು ಇಪ್ಪತ್ತು ಚುಕ್ಕಿಯ ಜಾಗ ತುಂಬಿಸಬೇಕು. ಟಿವಿ ಊಹೆ ಮಾಡಿ ತುಂಬಿಸುತ್ತದೆ. ಒಳ್ಳೆಯ ಟಿವಿ ಚೆನ್ನಾಗಿ ಊಹಿಸುತ್ತದೆ, ಅಷ್ಟೇ.

ಕೆಲವು ಪೆಟ್ಟಿಗೆಗಳಲ್ಲಿ ಹಸಿರು-ನೀಲಿ-ಕೆಂಪು ಮೂರು ತೂತು ಕಾಣಬಹುದು. ಅದು ಕಾಂಪೊನೆಂಟ್. ಬೆಳಕಿಗೆ ಒಂದು ತಂತಿ, ಬಣ್ಣಕ್ಕೆ ಎರಡು. ಎಚ್‌ಡಿ ಚಿತ್ರವನ್ನೂ ಒಯ್ಯಬಲ್ಲದು, ಒಳ್ಳೆಯದೇ ಇತ್ತು. ಈಗ ಹೊಸ ಟಿವಿಗಳಲ್ಲಿ ಅದು ಕಾಣೆಯಾಗುತ್ತಿದೆ. ಅದಕ್ಕಾಗಿ ಹೊಸ ವಯರು ಕೊಳ್ಳುವ ಕಾಲ ಮುಗಿಯಿತು.

ಅಡಿಕೆ ರೇಟು ಮತ್ತು ಭಾಗವತರ ಪದ

ಎಚ್‌ಡಿಎಂಐ ಮೊದಲು ಹೊರಬಂದದ್ದು 2002ರ ಕೊನೆಗೆ. ಸೋನಿ, ಫಿಲಿಪ್ಸ್, ತೋಷಿಬಾ, ಹಿಟಾಚಿ ಮುಂತಾದ ಏಳು ಕಂಪೆನಿಗಳು ಸೇರಿ ಮಾಡಿದ್ದು. ಚಪ್ಪಟೆ ತುದಿ, ಒಳಗೆ 19 ಪಿನ್ನು. ಚಿತ್ರ, ಧ್ವನಿ ಎರಡೂ ಒಂದೇ ಕೇಬಲ್ಲಿನಲ್ಲಿ. ಮುಖ್ಯ ವಿಷಯ ಇದು: ಇದರಲ್ಲಿ ಹೋಗುವುದು ಬರೀ ಸೊನ್ನೆ ಮತ್ತು ಒಂದು.

ಕೊರಕೊರ ಅನ್ನುವ ಫೋನಿನಲ್ಲಿ ಭಾಗವತರ ಪದ ಕೇಳಿ. ಆ ಕೊರಕೊರವೂ ಪದದ ಜೊತೆಗೇ ಕೇಳುತ್ತದೆ. ಲೈನು ಎಷ್ಟು ಕೆಟ್ಟದೋ ಪದ ಅಷ್ಟು ಕೆಡುತ್ತದೆ. ಹಳದಿ ವಯರು ಹೀಗೆ. ಅದೇ ಫೋನಿನಲ್ಲಿ ಯಾರೋ ಅಡಿಕೆಯ ರೇಟು ಹೇಳಲಿ. ಲೈನು ಹೇಗೇ ಇರಲಿ, ಅಂಕೆ ಕಿವಿಗೆ ಬಿದ್ದರೆ ಮುಗಿಯಿತು. ಚಿನ್ನದ ಫೋನಿನಲ್ಲಿ ಕೇಳಿದರೆ ರೇಟು ಒಂದು ರೂಪಾಯಿ ಏರುವುದಿಲ್ಲ. ಎಚ್‌ಡಿಎಂಐ ಇದು.

ಹಾಗಾಗಿ "ಈ ಕೇಬಲ್ ಹಾಕಿದರೆ ಬಣ್ಣ ಗಾಢ ಆಗ್ತದೆ, ಕಪ್ಪು ಇನ್ನೂ ಕಪ್ಪಗೆ ಬರ್ತದೆ" ಎಂದು ಅಂಗಡಿಯಲ್ಲಿ ಹೇಳಿದರೆ ನಕ್ಕುಬಿಡಿ. ಕೇಬಲ್ ಕೆಟ್ಟದಾದರೆ ಬಣ್ಣ ಮಂಕಾಗುವುದಿಲ್ಲ. ಅಂಕೆಯೇ ತಪ್ಪುತ್ತದೆ. ಆಗ ಪರದೆಯಲ್ಲಿ ಬಿಳಿ ಚುಕ್ಕಿಗಳು ಮಿಣಮಿಣ ಎನ್ನುತ್ತವೆ, ಚಿತ್ರ ಎರಡು ಸೆಕೆಂಡು ಕಪ್ಪಾಗಿ ಮತ್ತೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಬಂದರೆ ಪೂರ್ತಿ, ಇಲ್ಲದಿದ್ದರೆ ಹೀಗೆ ಎಡವಟ್ಟು. ತುದಿಗೆ ಚಿನ್ನದ ಲೇಪ ಇದ್ದರೆ ತುಕ್ಕು ಹಿಡಿಯುವುದು ಕಡಿಮೆ, ಕುಂಬಳೆ, ಉಪ್ಪಳದ ಕಡಲ ಗಾಳಿಗೆ ಅದು ಒಳ್ಳೆಯದೇ. ಆದರೆ 250 ರೂಪಾಯಿಯ ಕೇಬಲ್ಲಿಗೂ ಆ ಲೇಪ ಇರುತ್ತದೆ.

ಎಷ್ಟು ನೀರು, ಎಷ್ಟು ದಪ್ಪದ ಪೈಪು

ಅಂದರೆ ಎಲ್ಲ ಎಚ್‌ಡಿಎಂಐ ಕೇಬಲ್ ಒಂದೇ ಅಂತಲ್ಲ. ಇಲ್ಲಿ ಸ್ವಲ್ಪ ಲೆಕ್ಕ ಬೇಕು.

ನಮ್ಮ ಕಡೆ ಗುಡ್ಡಕ್ಕೆ ಕೊರೆದ ಸುರಂಗದಿಂದ ನೀರು ತರುವವರಿಗೆ ಇದು ಹೇಳಿ ಕೊಡಬೇಕಾಗಿಲ್ಲ. ಸುರಂಗದಲ್ಲಿ ಬರುವುದೇ ಕಿರುಬೆರಳಿನಷ್ಟು ನೀರಾದರೆ, ಆರಿಂಚಿನ ಪೈಪು ಹಾಕಿದರೂ ಟಾಂಕಿಗೆ ಬೀಳುವುದು ಅಷ್ಟೇ. ಪೈಪು ನೀರಿಗಿಂತ ಸಪುರ ಆಗಬಾರದು, ಅಷ್ಟೇ ವಿಷಯ.

ಡಿಶ್‌ನ ಎಚ್‌ಡಿ ಚಾನೆಲ್ ಸಾಮಾನ್ಯವಾಗಿ 1080ಐ, ಅಂದರೆ 1080 ಸಾಲಿನ ಚಿತ್ರ. ಇದು ಕೇಬಲ್ಲಿನಲ್ಲಿ ಸೆಕೆಂಡಿಗೆ ಎರಡೂಕಾಲು ಗಿಗಾಬಿಟ್‌ನಷ್ಟು. ಬಿಟ್ ಎಂದರೆ ಒಂದು ಸೊನ್ನೆ ಇಲ್ಲವೇ ಒಂದು, ಗಿಗಾಬಿಟ್ ಎಂದರೆ ಅಂಥ ನೂರು ಕೋಟಿ. ಇದಕ್ಕೆ ಅತಿ ಹಳೆಯ, ಅತಿ ಅಗ್ಗದ ಎಚ್‌ಡಿಎಂಐ ಕೇಬಲ್ಲೂ ಸಾಕು. 4ಕೆ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುವುದಾದರೆ ಬೇರೆ ಲೆಕ್ಕ. 82,94,400 ಚುಕ್ಕಿ, ಒಂದೊಂದಕ್ಕೆ 24 ಬಿಟ್, ಗುಣಿಸು 60. ಸುಮಾರು 12 ಗಿಗಾಬಿಟ್ ಆಯಿತು. ಚಿತ್ರ ಮತ್ತು ಚಿತ್ರದ ನಡುವಿನ ಬಿಡುವು, ತಪ್ಪಾಗದಂತೆ ಸೇರಿಸುವ ಹೆಚ್ಚುವರಿ ಬಿಟ್ಟು ಎಲ್ಲ ಕೂಡಿಸಿದರೆ 17.8. ಅದಕ್ಕೇ 2013ರಲ್ಲಿ ಬಂದ ಎಚ್‌ಡಿಎಂಐ 2.0 ಎಂಬ ನಿಯಮದಲ್ಲಿ ಮಿತಿ 18 ಗಿಗಾಬಿಟ್ ಎಂದು ಇಟ್ಟರು. 2017ರ 2.1 ನಿಯಮ ಅದನ್ನು 48ಕ್ಕೆ ಏರಿಸಿತು. ಅದು 4ಕೆಯನ್ನು ಸೆಕೆಂಡಿಗೆ 120 ಸಲ ತೋರಿಸಲು, 8ಕೆಗೆ.

ಈ 2.0, 2.1 ಎಲ್ಲ ಟಿವಿಗೂ ಪೆಟ್ಟಿಗೆಗೂ ಇರುವ ನಂಬರು. ಕೇಬಲ್ಲಿಗೆ ಇರುವುದು ನಂಬರಲ್ಲ, ಹೆಸರು. ಪ್ಯಾಕೆಟ್ಟಿನ ಮೇಲೆ ಅದನ್ನೇ ಓದಬೇಕು. "ಹೈ ಸ್ಪೀಡ್" ಎಂದರೆ 10.2 ಗಿಗಾಬಿಟ್ ತನಕ. "ಪ್ರೀಮಿಯಂ ಹೈ ಸ್ಪೀಡ್" ಎಂದರೆ 18. "ಅಲ್ಟ್ರಾ ಹೈ ಸ್ಪೀಡ್" ಎಂದರೆ 48. ಕೊನೆಯ ಎರಡಕ್ಕೆ ಅಸಲಿ ಎಂದು ತೋರಿಸುವ ಚೀಟಿ ಅಂಟಿಸಿರುತ್ತಾರೆ, ಫೋನಿನಿಂದ ಸ್ಕ್ಯಾನ್ ಮಾಡಿ ನೋಡಬಹುದು. "2.1 ವರ್ಷನ್, 8ಕೆ, ಚಿನ್ನ" ಎಂದು ದೊಡ್ಡಕ್ಕೆ ಬರೆದು ಈ ಹೆಸರೂ ಇಲ್ಲ, ಚೀಟಿಯೂ ಇಲ್ಲ ಎಂದಾದರೆ ಆ ಬರಹಕ್ಕೆ ಬೆಲೆ ಕೊಡಬೇಡಿ.

ನನ್ನ ಲೆಕ್ಕ ಹೀಗೆ. ಡಿಶ್ ಪೆಟ್ಟಿಗೆಗೆ ಅದರ ಜೊತೆ ಬಂದ ಕೇಬಲ್ಲೇ ಸಾಕು. 4ಕೆ ಪ್ಲೇಯರ್ ಇದ್ದರೆ ಪ್ರೀಮಿಯಂ ಒಂದು. ಮಕ್ಕಳ ಗೇಮಿಂಗ್ ಪೆಟ್ಟಿಗೆ 120ರದ್ದಾದರೆ ಮಾತ್ರ ಅಲ್ಟ್ರಾ. ಪ್ಲೇಸ್ಟೇಷನ್ 5ರಂಥದ್ದರ ಜೊತೆಗೆ ಅದು ಬಂದೇ ಇರುತ್ತದೆ. ಟಿವಿಯ ಒಳಗಿನ ಆಪ್‌ನಲ್ಲೇ ಸಿನಿಮಾ ನೋಡುವವರಿಗೆ ಎಚ್‌ಡಿಎಂಐ ಕೇಬಲ್ಲೇ ಬೇಕಾಗಿಲ್ಲ. ಅವರಿಗೆ ಬೇಕಾದ್ದು ಸರಿಯಾದ ಇಂಟರ್‌ನೆಟ್. ರೌಟರ್ ಹತ್ತಿರವಿದ್ದರೆ ವೈಫೈ ಬಿಟ್ಟು ಲ್ಯಾನ್ ವಯರನ್ನೇ ಚುಚ್ಚಿ. ಹಳೆ ಮಣ್ಣಿನ ಗೋಡೆಯ, ಕೆಂಪುಕಲ್ಲಿನ ಗೋಡೆಯ ಮನೆಗಳಲ್ಲಿ ವೈಫೈ ಎರಡನೇ ಕೋಣೆ ದಾಟುವಷ್ಟರಲ್ಲಿ ಸುಸ್ತಾಗಿರುತ್ತದೆ.

ಉದ್ದದ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ತಾಮ್ರದ ಕೇಬಲ್ಲು ಉದ್ದವಾದಷ್ಟೂ ಸಿಗ್ನಲ್ ಸೋರುತ್ತದೆ. 18 ಗಿಗಾಬಿಟ್‌ಗೆ ಸುಮಾರು ಐದು ಮೀಟರ್, 48ಕ್ಕೆ ಮೂರು ಮೀಟರ್, ಇದರೊಳಗೆ ನಿಂತರೆ ತಲೆನೋವಿಲ್ಲ. ಚಾವಡಿಯ ಒಂದು ಮೂಲೆಯಲ್ಲಿ ಪೆಟ್ಟಿಗೆ, ಇನ್ನೊಂದು ಮೂಲೆಯಲ್ಲಿ ಟಿವಿ ಎಂದು ಹತ್ತು-ಹದಿನೈದು ಮೀಟರ್ ಎಳೆಯುವುದಾದರೆ ಒಳಗೆ ಗಾಜಿನ ಎಳೆ ಇರುವ ಆಪ್ಟಿಕಲ್ ಎಚ್‌ಡಿಎಂಐ ಬರುತ್ತದೆ. ಅದಕ್ಕೆ ದಿಕ್ಕಿದೆ. ಒಂದು ತುದಿ ಪೆಟ್ಟಿಗೆಗೆ, ಒಂದು ಟಿವಿಗೆ ಎಂದು ಬರೆದಿರುತ್ತದೆ. ತಿರುಗಿಸಿ ಹಾಕಿದರೆ ಚಿತ್ರವೇ ಇಲ್ಲ. ಗೋಡೆಯೊಳಗೆ ಹೂಳುವುದಾದರೆ ಬರೀ ಕೇಬಲ್ ಹೂಳಬೇಡಿ. ಎಚ್‌ಡಿಎಂಐ ತುದಿ ದಾಟುವಷ್ಟು ಅಗಲದ ಪೈಪು ಹೂತು ಒಳಗೆ ಕೇಬಲ್ ಎಳೆಯಿರಿ. ನಾಳೆ ಬದಲಿಸಲು ಗೋಡೆ ಒಡೆಯುವುದು ತಪ್ಪುತ್ತದೆ.

ಟಿವಿಯ ಹಿಂದಿನ ತೂತುಗಳನ್ನು ಮೊದಲು ಎಣಿಸಿ

ಗಡಿನಾಡಿನ ಮನೆಗಳಲ್ಲಿ ಒಂದು ವಿಶೇಷ. ಮಾವನ ಮನೆಯಲ್ಲಿ ಎರಡು ಪೆಟ್ಟಿಗೆ. ಕನ್ನಡ ಚಾನೆಲ್ಲಿಗೆ ಡಿಶ್, ಮಲಯಾಳ ಚಾನೆಲ್ಲಿಗೆ ಊರಿನ ಕೇಬಲ್ಲಿನವರದ್ದು. ಮೊಮ್ಮಗಳದ್ದು ಇಂಟರ್‌ನೆಟ್‌ನಿಂದ ಸಿನಿಮಾ ತೋರಿಸುವ, ನೇರ ಟಿವಿಗೇ ಚುಚ್ಚುವ ಒಂದು ಸ್ಟಿಕ್. ಧ್ವನಿ ಕೇಳುವುದಿಲ್ಲ ಎಂದು ಒಂದು ಸೌಂಡ್‌ಬಾರ್. ನಾಲ್ಕಾಯಿತು. ಟಿವಿಯಲ್ಲಿ ಎಚ್‌ಡಿಎಂಐ ತೂತು ಮೂರೇ. ಇದನ್ನು ಟಿವಿ ಕೊಳ್ಳುವ ಮೊದಲೇ ಎಣಿಸಬೇಕಿತ್ತು. ಈಗ ಉಳಿದ ದಾರಿ ಎಚ್‌ಡಿಎಂಐ ಸ್ವಿಚ್, ಟಿವಿಯ ಒಂದೇ ತೂತಿಗೆ ಎರಡು-ಮೂರು ಪೆಟ್ಟಿಗೆ ಸೇರಿಸಿ ಬೇಕಾದ್ದನ್ನು ಆರಿಸುವಂಥದ್ದು. ಕೇಳುವಾಗ "ಸ್ವಿಚ್" ಎಂದೇ ಕೇಳಿ. "ಸ್ಪ್ಲಿಟರ್" ಎಂದರೆ ಒಂದು ಪೆಟ್ಟಿಗೆಯ ಚಿತ್ರವನ್ನು ಎರಡು ಟಿವಿಗೆ ಹಂಚುವಂಥದ್ದು, ಉಲ್ಟಾ. ಆ 2,400ರ ಕೇಬಲ್ ಈಗ ಸ್ವಿಚ್ಚಿನಿಂದ ಊರಿನ ಕೇಬಲ್ ಪೆಟ್ಟಿಗೆಗೆ ಹೋಗಿದೆ. ಪ್ಯಾಕೆಟ್ ಒಡೆದದ್ದನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ.

ತೂತುಗಳೆಲ್ಲ ಸಮಾನವೂ ಅಲ್ಲ. ಒಂದರ ಪಕ್ಕ ಎಆರ್‌ಸಿ ಅಥವಾ ಇ-ಎಆರ್‌ಸಿ ಎಂದು ಬರೆದಿರುತ್ತದೆ. ಸೌಂಡ್‌ಬಾರ್ ಅದಕ್ಕೇ ಹಾಕಬೇಕು. ಟಿವಿಯಿಂದ ಧ್ವನಿ ಹಿಂದಕ್ಕೆ ಬರುವುದು ಆ ತೂತಿನಿಂದ ಮಾತ್ರ. ಅಲ್ಲಿ ಡಿಶ್ ಪೆಟ್ಟಿಗೆ ಚುಚ್ಚಿಟ್ಟು "ಬಾರ್ ಹಾಳು" ಎಂದು ಬೈದವರನ್ನು ನಾನು ಕಂಡಿದ್ದೇನೆ. ಎಆರ್‌ಸಿ ಇಲ್ಲದ ಟಿವಿಯಾದರೆ ಕೆಂಪು ಬೆಳಕು ಹೊಳೆಯುವ ಚೌಕದ ಆಪ್ಟಿಕಲ್ ತೂತು ಇರಬಹುದು. ಅದರಲ್ಲಿ ಧ್ವನಿ ಮಾತ್ರ ಹೋಗುತ್ತದೆ.

ಎಲ್ಲ ಸರಿಯಾಗಿ ಚುಚ್ಚಿದ ಮೇಲೂ ಎರಡು ಕಡೆ ಸೆಟ್ಟಿಂಗ್ ನೋಡಬೇಕು. ಡಿಶ್ ಪೆಟ್ಟಿಗೆಯ ಮೆನುವಿನಲ್ಲಿ ಚಿತ್ರದ ಅಳತೆ 576ರಲ್ಲೋ 720ರಲ್ಲೋ ನಿಂತಿರುವುದುಂಟು. 1080ಕ್ಕೆ ಏರಿಸಿ. ಟಿವಿಯ ಮೆನುವಿನಲ್ಲಿ ಎಚ್‌ಡಿಎಂಐ ತೂತನ್ನು ಪೂರ್ತಿ ವೇಗಕ್ಕೆ ತೆರೆಯುವ ಒಂದು ಸೆಟ್ಟಿಂಗ್ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಎಲ್‌ಜಿಯಲ್ಲಿ ಡೀಪ್ ಕಲರ್, ಸೋನಿಯಲ್ಲಿ ಎನ್‌ಹಾನ್ಸ್‌ಡ್ ಫಾರ್ಮ್ಯಾಟ್. 4ಕೆ ಸಾಧನ ಹಾಕಿದ ತೂತಿಗೆ ಅದನ್ನು ಆನ್ ಮಾಡಿ. ಇಷ್ಟಾದರೂ ಚಾನೆಲ್ಲೇ ಎಸ್‌ಡಿಯದ್ದು, ಅಂದರೆ ಹಳೆ 576 ಸಾಲಿನದ್ದಾದರೆ ಯಾರೂ ಏನೂ ಮಾಡಲಾಗದು. ಸುರಂಗದಲ್ಲಿ ನೀರೇ ಅಷ್ಟು. ಕೇಬಲ್ಲಿಗೆ ಹಾಕುವ ಎರಡು ಸಾವಿರದಲ್ಲಿ ಎಷ್ಟೋ ತಿಂಗಳು ಎಚ್‌ಡಿ ಪ್ಯಾಕ್ ಬರುತ್ತದೆ.

ಕಪಾಟಿನ ಡಿವಿಡಿಗಳು

ನಮ್ಮ ಕಡೆಯ ಮನೆಗಳಲ್ಲಿ ಯಕ್ಷಗಾನದ, ತಾಳಮದ್ದಳೆಯ ಸಿಡಿ-ಡಿವಿಡಿಗಳ ರಾಶಿ ಇರುತ್ತದೆ. ಮಾವ ಅದನ್ನು ಬಿಡುವವರಲ್ಲ. ಪ್ಲೇಯರಿನಲ್ಲಿ ಎಚ್‌ಡಿಎಂಐ ಇದ್ದರೆ ಅದನ್ನೇ ಹಾಕಿ, ಬಣ್ಣ ಹರಡುವುದು ನಿಲ್ಲುತ್ತದೆ. ಚಿತ್ರ ಎಚ್‌ಡಿ ಆಗುವುದಿಲ್ಲ, ಡಿವಿಡಿಯಲ್ಲಿ ಇರುವುದೇ 576 ಸಾಲು. ವಿಸಿಡಿಯಾದರೆ ಇನ್ನೂ ಕಮ್ಮಿ, 352ಕ್ಕೆ 288. ದೂರ ಕೂತು ನೋಡಿ, ಬೇರೆ ಉಪಾಯ ಇಲ್ಲ.

ಪ್ಲೇಯರಿನಲ್ಲಿ ಹಳದಿ-ಕೆಂಪು-ಬಿಳಿ ಮಾತ್ರ ಇದ್ದರೆ? ಎಷ್ಟೋ ಹೊಸ ಟಿವಿಗಳಲ್ಲಿ ಆ ಮೂರು ತೂತು ಇರುವುದಿಲ್ಲ. ಹೆಡ್‌ಫೋನಿನದ್ದರ ಹಾಗೆ ಒಂದು ಸಣ್ಣ ತೂತು, ಪಕ್ಕದಲ್ಲಿ "ಎವಿ" ಎಂದಿರುತ್ತದೆ. ಅದಕ್ಕೆ ಟಿವಿಯ ಜೊತೆ ಬಂದ ಗಿಡ್ಡ ಅಡಾಪ್ಟರ್ ವಯರನ್ನೇ ಬಳಸಿ. ಹೊರಗಿನಿಂದ ತಂದದ್ದರಲ್ಲಿ ಪಿನ್ನಿನ ಕ್ರಮ ಬೇರೆ ಇರಬಹುದು. ಆಗ ಚಿತ್ರ ಇಲ್ಲ, ಸ್ಪೀಕರಿನಲ್ಲಿ ಬುರ್ ಎಂಬ ಸದ್ದು. ಬಿಸಾಡುವ ಮೊದಲು ಹಳದಿಯನ್ನೂ ಕೆಂಪನ್ನೂ ಅದಲುಬದಲು ಮಾಡಿ ನೋಡಿ, ಎಷ್ಟೋ ಸಲ ಸರಿಯಾಗುತ್ತದೆ. ಇನ್ನು ಕೆಲವು ಟಿವಿಗಳಲ್ಲಿ ಹಳದಿಯನ್ನು ಹಸಿರು ತೂತಿಗೆ ಹಾಕಬೇಕು. ಚಿತ್ರ ಕಪ್ಪು-ಬಿಳುಪಾಗಿ ಬಂದರೆ ಹೆದರಬೇಡಿ. ಟಿವಿ ಅದನ್ನು ಕಾಂಪೊನೆಂಟ್ ಎಂದು ತಿಳಿದಿದೆ, ಇನ್‌ಪುಟ್ಟನ್ನು ಎವಿಗೆ ಬದಲಿಸಿದರೆ ಬಣ್ಣ ಬರುತ್ತದೆ.

ಲ್ಯಾಪ್‌ಟಾಪಿಗೂ ಎಚ್‌ಡಿಎಂಐಯೇ. ನೀಲಿ ಬಣ್ಣದ, 15 ಪಿನ್ನಿನ ವಿಜಿಎ 1987ರ ಕಾಲದ್ದು, ಅದರಲ್ಲಿ ಧ್ವನಿ ಬರುವುದಿಲ್ಲ. ಫೋನಿನ ಟೈಪ್-ಸಿ ತೂತಿನಿಂದ ಟಿವಿಗೆ ಎಳೆಯುವ ಕೇಬಲ್ ಕೊಳ್ಳುವ ಮೊದಲು ನಿಮ್ಮ ಫೋನು ಅದರಿಂದ ಚಿತ್ರ ಹೊರಗೆ ಕೊಡುತ್ತದೆಯೇ ಎಂದು ನೋಡಿ. ಕಡಿಮೆ ಬೆಲೆಯ ಫೋನುಗಳಲ್ಲಿ ಅದು ಚಾರ್ಜಿಗೆ, ಫೈಲು ಕಳಿಸಲು ಮಾತ್ರ.

ಮಳೆ, ಸಿಡಿಲು

ಇನ್ನೊಂದು ವಯರು ಇದೆ, ಯಾರೂ ಅದರ ಮುಖ ನೋಡುವುದಿಲ್ಲ. ಮಾಡಿನ ಮೇಲಿನ ಡಿಶ್‌ನಿಂದ ಪೆಟ್ಟಿಗೆಗೆ ಬರುವ ದುಂಡನೆಯ ಕೋಆಕ್ಸಿಯಲ್. ಆಟಿ ತಿಂಗಳ ಮಳೆಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದರೆ ಎಚ್‌ಡಿಎಂಐಯನ್ನು ಬೈಯಬೇಡಿ. ಜೋರು ಮಳೆ ಡಿಶ್‌ನ ಸಿಗ್ನಲ್ಲನ್ನೇ ನುಂಗುತ್ತದೆ, ಅದಕ್ಕೆ ಮದ್ದಿಲ್ಲ. ಆದರೆ ಮಳೆ ನಿಂತ ಮೇಲೂ ಹಾಗೇ ಇದ್ದರೆ ಮೇಲೆ ಹೋಗಿ ನೋಡಿ. ತಿರುಪಿನ ತುದಿಯೊಳಗೆ ನೀರು ಇಳಿದು ಹಸಿರು ಕಿಲುಬು ಕಟ್ಟಿರುತ್ತದೆ. ಕೆಟ್ಟ ಭಾಗ ಕತ್ತರಿಸಿ ಹೊಸ ತುದಿ ಹಾಕಿ, ಕೇಬಲ್ ಒಳಗೆ ಬರುವ ಮೊದಲು ಕೆಳಕ್ಕೆ ಒಂದು ಬಳಸು ಬಿಡಿ. ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಸಿಡಿಲಿನ ದಾರಿಯೂ ಇದೇ. ಮೇ ಕೊನೆಯ ಪತ್ತನಾಜೆಗೆ ಮೊದಲಿನ ಸಂಜೆ ಮಳೆ, ಅಕ್ಟೋಬರ್-ನವೆಂಬರ್‌ನ ತುಲಾ ತಿಂಗಳಿನ ಮಳೆ, ಎರಡರಲ್ಲೂ ಗುಡುಗು ಜಾಸ್ತಿ. ಹತ್ತಿರ ಎಲ್ಲೋ ಸಿಡಿಲು ಬಡಿದರೆ ಸಾಕು, ಡಿಶ್ ಕೇಬಲ್ಲಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಎಚ್‌ಡಿಎಂಐಯಲ್ಲಿ ಟಿವಿಗೆ ಬರುತ್ತದೆ. ನಮ್ಮ ನೆರೆಮನೆಯವರು ಟಿವಿಯ ಪ್ಲಗ್ ತೆಗೆದಿಟ್ಟಿದ್ದರು, ಡಿಶ್ ಕೇಬಲ್ ಬಿಚ್ಚಿರಲಿಲ್ಲ. ಮರುದಿನ ಟಿವಿ ಆನ್ ಆಯಿತು, ಆದರೆ ಪೆಟ್ಟಿಗೆ ಹಾಕಿದ್ದ ಎಚ್‌ಡಿಎಂಐ ತೂತು ಸತ್ತಿತ್ತು. ಡಿಶ್ ಕೇಬಲ್ ಮುಟ್ಟಿದಾಗ ಬೆರಳಿಗೆ ಜುಂ ಎನ್ನುವುದು ನಿಮಗೂ ಗೊತ್ತಿರಬಹುದು. ಅದಕ್ಕೇ ಎಚ್‌ಡಿಎಂಐ ಹಾಕುವಾಗ, ತೆಗೆಯುವಾಗ ಎರಡೂ ಕಡೆ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆಯಿರಿ.

ಗುಡುಗು ತಲೆಯ ಮೇಲೆ ಬಂದ ಮೇಲೆ ಕೇಬಲ್ಲಿಗೆ ಕೈ ಹಾಕಬಾರದು. ಮೊದಲೇ ಬಿಚ್ಚಬೇಕು. ಮಾವನ ಮನೆಯಲ್ಲಿ ಅದು ಅತ್ತೆಯ ಕೆಲಸ. ತುಲಾ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೂಡು ಬದಿಯಲ್ಲಿ ಮೋಡ ಕಪ್ಪಾದ ಕೂಡಲೇ ಅಂಗಳದ ಅಡಿಕೆ ರಾಶಿಗೆ ಟಾರ್ಪಾಲು ಎಳೆಯುತ್ತಾರೆ, ಒಳಗೆ ಬಂದು ಪ್ಲಗ್ಗುಗಳನ್ನು ತೆಗೆಯುತ್ತಾರೆ, ಡಿಶ್ ಕೇಬಲ್ಲಿನ ತಿರುಪು ಬಿಚ್ಚಿ ಅದರ ತುದಿಯನ್ನು ಕಿಟಕಿಯಿಂದ ಹೊರಗೆ ಬಿಡುತ್ತಾರೆ.